ಒಂದೇ ಚೀಲದ ಕಾಡಿಗೆ

“ಯಾರ ಮಗನಲೇ ನೀ? ಯಾವ ಮನಿ ಕಾಡಿಗಿಗೂ ಹಲ್ಲು ಬಿಡದ ಈ ಮಾರಿಗೆ ನಮ್ಮ ನಿಂಬೆವ್ವ ಬೇಕಂತ! ಹೆಣ್ಣು ಕೇಳಾಕ ಬರೋರು ತುಂಬಿದ ಕುಡಿಕಿ ತರ್ತಾರ. ಈ ಮುದುಕಿ ಕೈಯಾಗಿನ ಕುಡಿಕ್ಯಾಗ ಏನೈತಿ? ಗಾಳಿ!”

ಮಲಕಾಜಪ್ಪ ಇದನ್ನು ಹೇಳಿದ್ದು ಕಣದ ನಟ್ಟನಡುವೆ. ರಾಶಿ ಮುಗಿದು ಊರಿಗೆ ಊರೇ ಬುತ್ತಿ ಬಿಚ್ಚಿ ಕೂತಿತ್ತು. ರೊಟ್ಟಿ ಮುರಿಯುವ ಸದ್ದು ನಿಂತಿತು. ಅವನು ನಿಂಬೆವ್ವನ ಸೋದರಮಾವ, ಕಣದ ಯಜಮಾನ, ಶೇಂಗಾ ಎಣ್ಣೆ ತೀಡಿದ ಮೀಸೆಯ ಒಡೆಯ. ಅವನೊಂದು ಮಾತು ಆಡಿದರೆ ಜನ ಅಗಿಯುವುದನ್ನೂ ನಿಲ್ಲಿಸುತ್ತಿದ್ದರು.

ನನ್ನನ್ನು ಸಾಕಿದ ಹುಚ್ಚೀರವ್ವ ಖಾಲಿ ಕುಡಿಕೆಯನ್ನು ಸೆರಗಿನಿಂದ ಒರೆಸಿದಳು, ಧೂಳು ಕೂತಿದ್ದೇ ತಪ್ಪೇನೋ ಎಂಬಂತೆ. “ಕುಡಿಕಿ ಖಾಲಿ ಐತೆಪ್ಪ, ಖರೇನ. ಹುಡುಗ ಖಾಲಿ ಇಲ್ಲ,” ಎಂದಳು.

ಅಲ್ಲಿಗೆ ಬಿಡಬಹುದಿತ್ತು. ಆದರೆ ನನಗೆ ಸುಮ್ಮನಿರಲು ಬರುವುದಿಲ್ಲ. ಹುಟ್ಟಿದಾಗಿನಿಂದ ಯಾರ ಮಾತನ್ನೂ ಉತ್ತರವಿಲ್ಲದೆ ಮನೆಗೆ ಕಳಿಸಿದವನಲ್ಲ ನಾನು. “ನಿನ್ನ ತಲೀಗೆ ಹೋಲಿಸಿದ್ರ ಈ ಕುಡಿಕಿ ತುಂಬಿ ತುಳಕಾಕತ್ತೈತಿ ಮಲಕಾಜಪ್ಪ! ತಗೋ, ನಿಮ್ಮ ಹೊಲದ ಕಾಡಿಗಿ ಇನ್ನಮ್ಯಾಲೆ ನೀನ ಕಿತ್ಕೋ!” ಎಂದು ಕೂಗಿ, ಹೆಗಲ ಮೇಲಿದ್ದ ಚೀಲವನ್ನು ಅವನ ರೊಟ್ಟಿಯ ಮುಂದೆ ಎಸೆದೆ. ಅದರಿಂದ ಎದ್ದ ಕರಿ ಪುಡಿ ಅವನ ಮೂಗಿಗೆ ಹೋಯಿತು. ಬೈಯಲು ಬಾಯಿ ತೆರೆದವನು ಕಿಸಕ್ಕನೆ ನಕ್ಕುಬಿಟ್ಟ. ಜನ ತಲೆ ತಗ್ಗಿಸಿದರು. ಅವನ ಮನೆಯ ಕಾಡಿಗೆಯೂ ಆ ಚೀಲದಲ್ಲಿತ್ತಲ್ಲ, ನಗಲೇಬೇಕು. ಅದನ್ನು ಯಾರೂ ವಿಚಿತ್ರವೆಂದು ತಿಳಿಯಲಿಲ್ಲ.

ನಮ್ಮೂರಲ್ಲಿ ಮನುಷ್ಯನಿಗೆ ನಗು ಮೊದಲು, ಹೆಸರು ಆಮೇಲೆ. ಜೋಳದ ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿಕೊಳ್ಳುವ ಕಾಡಿಗೆ ರೋಗ ಎಲ್ಲ ಊರಿಗೂ ಬರುತ್ತದೆ. ಬೇರೆ ಕಡೆ ಬೀಜಕ್ಕೆ ಗಂಧಕ ಬಳಿದು ಅದನ್ನು ಓಡಿಸುತ್ತಾರೆ. ನಮ್ಮವರು ಮನೆಯ ಗೂಡಿನಲ್ಲಿರುವ ಕುಡಿಕೆಯಿಂದ ಒಂದು ಚಿಟಿಕೆ ಕಾಡಿಗೆ ತೆಗೆದು ಬೀಜಕ್ಕೆ ತಿಕ್ಕಿ, ‘ಬಾರವ್ವ’ ಎಂದು ಕರೆದು ಬಿತ್ತುತ್ತಾರೆ. ಕುಡಿಕೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುತ್ತದೆ. ತಾಯಿಯ ಕಡೆಯ ಕಾಡಿಗೆ ಮೈಗೆ ತಾಕಿದರೆ ನಗು ಬರುತ್ತದೆ. ಬೇರೆಯವರದು ತಾಕಿದರೆ ಸೀನು ಬರಬಹುದು, ನಗು ಬರುವುದಿಲ್ಲ. ಅಪ್ಪ ಯಾರೆಂದು ಕಾಡಿಗೆ ಕೇಳುವುದೇ ಇಲ್ಲ.

ಮದುವೆಯೂ ಇದರ ಮೇಲೆಯೇ. ಗಂಡಿನ ಮನೆಯ ಕಾಡಿಗೆಯನ್ನು ಹೆಣ್ಣಿನ ಮೇಲೆ, ಹೆಣ್ಣಿನ ಮನೆಯದನ್ನು ಗಂಡಿನ ಮೇಲೆ ಊದುತ್ತಾರೆ. ಯಾರಾದರೂ ನಕ್ಕರೆ ಇಬ್ಬರದೂ ಒಂದೇ ತಾಯಿಬಳ್ಳಿ, ಅಣ್ಣ ತಂಗಿ ಇದ್ದ ಹಾಗೆ. ಮಾತು ಅಲ್ಲಿಗೇ ಮುಗಿಯಿತು. ನಗದಿದ್ದರೆ ಗಂಡು ಬಾಯಿ ತೆರೆಯದೆ ನಡೆದು ಕಣದ ಅಂಚಿನ ಕಲ್ಲು ದಾಟಬೇಕು. ಮಾತನ್ನೂ ಆಡುವಂತಿಲ್ಲ, ಮಾತಿನ ಹಿಂದೆ ನಗು ಅಡಗಿರಬಹುದು ಅಂತ. ಕಲ್ಲು ದಾಟಿದನೋ, ಲಗ್ನ ಕೂಡಿತು.

ನನಗೆ ಯಾವ ಕುಡಿಕೆಯೂ ಇರಲಿಲ್ಲ. ಹುಚ್ಚೀರವ್ವನಿಗೆ ನಾನು ಸಿಕ್ಕಿದ್ದು ಅವಳ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ, ಜೋಳದ ಬುಟ್ಟಿಯಲ್ಲಿ. ಬುಟ್ಟಿ ಇಟ್ಟವರು ಹಿಟ್ಟು ಒಯ್ಯಲು ಬರಲಿಲ್ಲ. ಅವಳು ಮನೆಮನೆಗೆ ಹೋಗಿ ಎಲ್ಲರ ಕಾಡಿಗೆಯನ್ನೂ ನನ್ನ ಹೊಟ್ಟೆಗೆ ಹಚ್ಚಿ ನೋಡಿದಳಂತೆ. ನಾನು ನಗಲಿಲ್ಲ, ಅಳಲೂ ಇಲ್ಲ, ಹುಬ್ಬು ಗಂಟಿಕ್ಕಿ ನೋಡಿದೆನಂತೆ. ಹುಬ್ಬು ಇವತ್ತಿಗೂ ಬಿಚ್ಚಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ಮಕ್ಕಳನ್ನು ಕುಡಿಕೆಯ ಪ್ರಕಾರ ಸಾಲು ಮಾಡುತ್ತಿದ್ದರು. ನಾನೊಬ್ಬನೇ ಧ್ವಜದ ಕಂಬದ ಹತ್ತಿರ. ಒಂದು ದಿನ ಮಾಸ್ತರರು ಹಾಜರಿ ಕೂಗುವಾಗ ‘ಕಂಬದ ಮಗ ಅಡಿವೆಪ್ಪ’ ಎಂದರು. ‘ಹಾಜರ್’ ಎನ್ನುವ ಬದಲು ಪಾಟಿಯನ್ನು ಅವರ ಕಾಲ ಹೆಬ್ಬೆರಳ ಮೇಲೆ ಬಿಟ್ಟು ಮನೆಗೆ ಬಂದೆ. ನನ್ನ ವಿದ್ಯಾಭ್ಯಾಸ ಅಷ್ಟೇ.

ನಗದ ಮುಖಕ್ಕೂ ಊರಲ್ಲಿ ಒಂದು ಕೆಲಸವಿತ್ತು. ಕಾಡಿಗೆ ತೆನೆಯ ಬಿಳಿ ಪೊರೆ ಒಡೆಯುವ ಮೊದಲೇ ಅದನ್ನು ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಪುಡಿ ಹೊಲವೆಲ್ಲ ಹಾರಿ ಬೆಳೆ ಹಾಳು. ಹೊಲದವರೇ ಕಿತ್ತರೆ ಮೊದಲ ತೆನೆಗೇ ಬಿದ್ದು ಬಿದ್ದು ನಕ್ಕು ಸಾಲಿಗೆ ಸಾಲೇ ತುಳಿದುಹಾಕುತ್ತಿದ್ದರು. ಹಿಂದೆ ನೆರೆಯವರು ಒಬ್ಬರ ಹೊಲ ಒಬ್ಬರು ಮಾಡಿಕೊಡುತ್ತಿದ್ದರು, ಅದರಲ್ಲೂ ಜಗಳ. ನಾನು ಮೀಸೆ ಮೂಡುವ ವಯಸ್ಸಿಗೆ ಬಂದದ್ದೇ ಎಲ್ಲರೂ ನನ್ನನ್ನು ಕರೆದರು. ಯಾರ ಹೊಲಕ್ಕೆ ಇಳಿದರೂ ನಾನು ನಗುವವನಲ್ಲ. ಕಾಡಿಗೆ ತೆನೆಯ ಮೇಲೆ ಚೀಲ ತೊಡಿಸುವುದು, ಕುತ್ತಿಗೆ ಹಿಚುಕುವುದು, ಮುರಿಯುವುದು. ಕೊನೆಗೆ ಆ ಮನೆಯ ಕುಡಿಕೆಗೆಂದು ಒಂದು ಒಳ್ಳೆಯ ತೆನೆ ಆರಿಸಿ ಮನೆಯಾಕೆಗೆ ಕೊಡುವುದು.

ಚೀಲ ಒಂದೇ. ಕರಿ ಹಿಡಿದು, ಹಲಗೆಯಂತೆ ಬಿರುಸಾಗಿ, ಬಗಲು ತರಚುತ್ತಿತ್ತು. ಮನೆಗೊಂದು ಚೀಲ ಕೊಡಿರಿ, ಬೇಕಾದರೆ ಹಳೇ ಸೀರೆಯದೇ ಹೊಲಿದು ಕೊಡಿರಿ ಎಂದು ಒಂದು ವರ್ಷ ಕೇಳಿದ್ದೆ. “ನಗದಾಂವಗ ಎಷ್ಟು ಚೀಲಲೇ? ಅಂಗಿ ಹೊಲಿಸ್ಕೋತಿ ಏನು? ಒಂದರಾಗ ಎಲ್ಲಾ ಆಕ್ಕೈತಿ,” ಎಂದಿದ್ದ ಮಲಕಾಜಪ್ಪ. ಜನ ಹೌದೌದು ಎಂದಿದ್ದರು.

ಅವನ ಹೊಲದ ಬದುವಿನ ಮೇಲೆ ನಿಂಬೆವ್ವ ಕೂರುತ್ತಿದ್ದಳು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು. ಕಾಡಿಗೆಯಿಲ್ಲದೆಯೂ ನಗು ಬರುತ್ತದೆ ಎಂಬುದು ಅವಳ ವಾದ. ಊರಲ್ಲಿ ಹಾಗೆ ನಂಬಿದವಳು ಅವಳೊಬ್ಬಳೇ.

“ಅಡಿವ್ಯಾ, ಕೇಳಿಲ್ಲಿ. ನಮ್ಮ ಮಾಮಾ ಮೀಸಿಗೆ ಎಣ್ಣಿ ಹಚ್ಕೊಂಡು ಮಲಗ್ತಾನಲ್ಲ, ಶೇಂಗಾದ ವಾಸನಿಗೆ ಇಲಿ ಬಂದು ಬಲಗಡಿ ತುದಿ ತಿಂದು ಹೋಗೈತಿ. ಈಗ ಎಡಗಡಿ ಕೂದಲಾ ಬಲಗಡಿಗೆ ಎಳದು ಸಮಾ ಮಾಡಾಕತ್ತಾನ.”

ನಾನು ತೆನೆಯ ಕುತ್ತಿಗೆ ಹಿಚುಕಿದೆ.

“ನಗಂಗಿಲ್ಲ?”

“ಇಲಿ ಪಾಪ ಅಂತ ಅನಸ್ತೈತಿ.”

“ಒಂದಿನ ನಗಸ್ತೀನಿ ನೋಡು. ಚಿಟಿಗಿ ಕಾಡಿಗಿ ಇಲ್ಲದ. ನೀ ನಕ್ಕ ದಿನ ಲಗ್ನ.”

ಆ ಒಂದು ಮಾತಿನ ಮೇಲೆ ನಾನು ಹುಚ್ಚೀರವ್ವನನ್ನು ಖಾಲಿ ಕುಡಿಕೆಯೊಂದಿಗೆ ಕಣಕ್ಕೆ ಕಳಿಸಿದ್ದು. ಸಿಕ್ಕಿದ್ದು ಊರೆಲ್ಲ ಕೇಳಿದ ಆ ಮಾತು. ಆಮೇಲೆ ಬಿತ್ತನೆಯ ತನಕ ನಾನು ಗಿರಣಿಯ ಪಟ್ಟಿಯ ಗದ್ದಲದಲ್ಲಿ ಮಲಕಾಜಪ್ಪನಿಗೆ ಕೊಡಬೇಕಾದ ಉತ್ತರಗಳನ್ನು ಕೂಗಿ ಕೂಗಿ ರೂಢಿ ಮಾಡಿಕೊಂಡೆ. ಒಂದಕ್ಕಿಂತ ಒಂದು ಖಾರ. ಹಿಟ್ಟು ಬೀಸಲು ಬಂದ ಹೆಂಗಸರು ಜೋಳ ಇಟ್ಟು ದೂರ ನಿಲ್ಲುತ್ತಿದ್ದರು.

ಬಿತ್ತನೆಗೆ ಮುಂಚೆ ಕುಡಿಕೆ ತೆರೆಯುವ ದಿನ ಬಂತು. ಅವತ್ತು ಪ್ರತಿ ಮನೆಯವರೂ ಬಾಗಿಲ ಮುಂದೆ ಕುಡಿಕೆ ತೆರೆದು ಹಣೆಗೆ ಕಾಡಿಗೆ ಇಟ್ಟುಕೊಂಡು ನಗಬೇಕು; ಜೋರಾಗಿ ನಕ್ಕ ಮನೆಗೆ ಜೋರು ಬೆಳೆ. ನಾನು ಕೈಕಟ್ಟಿಕೊಂಡು ಓಣಿಯಲ್ಲಿ ನಿಂತಿದ್ದೆ. ಮೊದಲ ಮನೆಯವರು ಹಣೆಗೆ ಇಟ್ಟುಕೊಂಡರು, ಒಬ್ಬರ ಮುಖ ಒಬ್ಬರು ನೋಡಿದರು, “ಹ್ಹ… ಹ್ಹ… ಹ್ಹ…” ಎಂದರು. ಹೊಟ್ಟೆನೋವಿನ ಎಮ್ಮೆಯೂ ಅದಕ್ಕಿಂತ ಖುಷಿಯಾಗಿ ಕೂಗುತ್ತದೆ. ಎರಡನೆಯ ಮನೆಯಲ್ಲಿಯೂ ಅದೇ. ಮೂರನೆಯ ಮನೆಯ ಮುದುಕಿ ನನ್ನನ್ನು ಕಂಡವಳೇ, “ಈ ಸಲ ಗಂಟಲಾ ಸರಿ ಇಲ್ಲಪ್ಪ,” ಎಂದಳು.

ಅಷ್ಟರಲ್ಲಿ ಮಲಕಾಜಪ್ಪ ಯಜಮಾನನ ವಾಡಿಕೆಯಂತೆ ಬಿಳಿ ರುಮಾಲು ಸುತ್ತಿ ಬಂದ. ಪ್ರತಿ ಬಾಗಿಲಲ್ಲೂ ಅವನ ಹಣೆಗೆ ಒಂದು ಬೊಟ್ಟು ಇಡುವುದು ಪದ್ಧತಿ. ಮುದುಕಿ ಬೊಟ್ಟು ಇಟ್ಟಳು. ಮಲಕಾಜಪ್ಪ ಗಂಭೀರವಾಗಿ, “ಬೆಳಿ ಛಲೋ ಬರ್ಲಿ,” ಎನ್ನಲು ಹೋದವನು “ಬೆಳೀ…” ಎನ್ನುತ್ತಲೇ ಹೊಟ್ಟೆ ಹಿಡಿದುಕೊಂಡ. ಬಾಗಿಲ ತೋಳು ಹಿಡಿದ. ಹೊಸ್ತಿಲ ಮೇಲೆ ಕೂತ. ನಗು, ನಗು, ರುಮಾಲು ಬಿಚ್ಚಿ ಓಣಿಯುದ್ದಕ್ಕೂ ಹಾಸಿತು.

ಮುದುಕಿಯ ಕಣ್ಣು ಕೆಂಪಾದವು. “ನಮ್ಮನಿ ಕಾಡಿಗಿಗೆ ನೀ ಯಾಕ ನಗ್ತೀಯೋ? ನಿಮ್ಮವ್ವ ನಮ್ಮವ್ವ ಒಂದ ತೊಟ್ಟಲದಾಗ ಮಲಗಿದ್ರೇನು?”

“ಇಲ್ಲ… ಯವ್ವಾ… ಅಹ್ಹಹ್ಹಾ… ತಪ್ಪಾತು…” ಎನ್ನುತ್ತ ಅವನು ಮುಂದಿನ ಮನೆಗೆ ಓಡಿದ. ಅಲ್ಲಿ ಬೊಟ್ಟು ಇಡುವ ಮೊದಲೇ, ಬರೀ ಗಾಳಿಗೇ ಬಿದ್ದ. ಅವನನ್ನು ಎತ್ತಲು ಬಂದ ಅವನ ಅಕ್ಕ, ನಿಂಬೆವ್ವನ ತಾಯಿ, ಬಿದ್ದಳು; ಅಕ್ಕನನ್ನು ಎತ್ತಲು ಬಂದ ನಿಂಬೆವ್ವ ಬಿದ್ದಳು. ಮಲಕಾಜಪ್ಪನ ಮನೆಯವರೆಲ್ಲ ಓಣಿಯ ಧೂಳಲ್ಲಿ ಮೀನಿನಂತೆ ಒದ್ದಾಡುತ್ತಿದ್ದರೆ, ಕುಡಿಕೆಯ ಒಡೆಯರು ಮಾತ್ರ ಕಲ್ಲಿನಂತೆ ನಿಂತಿದ್ದರು. ಸಂಜೆಯ ಹೊತ್ತಿಗೆ ನಿಜ ಹೊರಬಿತ್ತು. ಒಬ್ಬಳು ಅಳುತ್ತ ಹೇಳಿದಳು, ತನಗೆ ಹೋದ ವರ್ಷವೇ ನಗು ಬಂದಿರಲಿಲ್ಲ, ಗಂಡನ ಮರ್ಯಾದೆಗೆಂದು ನಕ್ಕಂತೆ ಮಾಡಿದೆ ಎಂದು. ಅವಳ ಗಂಡ, “ನೀನೂನಾ?” ಎಂದ. ನೋಡಿದರೆ ಅರ್ಧ ಊರು ವರ್ಷಗಟ್ಟಲೆ ಸುಳ್ಳೇ ನಕ್ಕಿತ್ತು. ಆ ಸುಳ್ಳು ನಗುವಿನ ನಡುವೆ ಯಜಮಾನ ಬಾಗಿಲಬಾಗಿಲಲ್ಲಿ ನಕ್ಕದ್ದನ್ನೂ ಜನ ಮರ್ಯಾದೆಯ ನಗುವೆಂದೇ ತಿಳಿದಿದ್ದರು.

ಮುಂದಿನ ದಿನಗಳನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮಲಕಾಜಪ್ಪ ಸಂತೆಗೆ ಹೋದರೆ ನಗು, ಕ್ಷೌರಕ್ಕೆ ಕೂತರೆ ನಗು. ಕ್ಷೌರದವನು ಕತ್ತಿ ಕೆಳಗಿಟ್ಟು, “ನಿಮ್ಮ ಕುತ್ತಿಗಿ ಜವಾಬ್ದಾರಿ ನನಗ ಬ್ಯಾಡ್ರಿ,” ಎಂದ. ಒಂದು ಮನೆಯಲ್ಲಿ ಹಿರಿಯ ತೀರಿಕೊಂಡ. ಹೆಣದ ಹಣೆಗೆ ಮನೆಯ ಕಾಡಿಗೆ ಇಟ್ಟಿದ್ದರು. ಸಮಾಧಾನ ಹೇಳಲು ಬಂದ ಮಲಕಾಜಪ್ಪ, “ದೊಡ್ಡ ಮನಶ್ಯಾ…” ಎಂದು ಬಗ್ಗಿದವನು ಹೆಣದ ಪಾದ ಹಿಡಿದು ನಗತೊಡಗಿದ. ಸತ್ತವನ ತಮ್ಮ ಮೊದಲು ಬಡಿಗೆ ಹುಡುಕಿದ. ಬಡಿಗೆ ಎತ್ತಿದವನು ಮಲಕಾಜಪ್ಪನ ಮುಖ ನೋಡಿ ಹಾಗೆಯೇ ಕೂತ. ಅವನ ಹೆಗಲು ಕುಣಿಯುತ್ತಿದ್ದವು. ಅಳುತ್ತಿದ್ದಾನೆ ಎಂದುಕೊಂಡೆವು, ನೋಡಿದರೆ ನಗು. ಅವನ ಹಣೆಯ ಮೇಲೆ ಕಾಡಿಗೆಯೇ ಇರಲಿಲ್ಲ.

ಕೊನೆಗೆ ಊರು ಕಣದಲ್ಲಿ ಸೇರಿ ನನ್ನನ್ನು ಕರೆಸಿತು. ಅಡಿವ್ಯಾ ಸಿಟ್ಟಿಗೆ ಮಾಟ ಮಾಡಿದ್ದಾನೆ ಅಂತ. ನಾನು ಸಂತೋಷದಿಂದ ಹೋದೆ, ಬಾಯಿ ತುಂಬ ಉತ್ತರಗಳಿದ್ದವು. ಆದರೆ ನನಗಿಂತ ಮೊದಲು ಪರಿಮಳಾ ಮೇಡಂ ಎದ್ದು ನಿಂತರು. ಬೆಳೆಗೆ ಬೀಳುವ ಬೂಷ್ಟು ರೋಗಗಳನ್ನು ಓದಲು ದೂರದಿಂದ ಬಂದು, ಗಿರಣಿಯ ಹಿಂದಿನ ಕೋಣೆಯಲ್ಲಿ ಗಾಜಿನ ಕೊಳವೆಗಳ ಜೊತೆ ಇದ್ದವರು. ಮನೆಮನೆಯ ಕಾಡಿಗೆ ಬೇಡಿ ತಂದು ಏನೇನೋ ಮಾಡುತ್ತಿದ್ದರು. ಅವರು ಮಲಕಾಜಪ್ಪನ ಮನೆಯ ಮೂಲೆಯಲ್ಲಿ ಬಿದ್ದಿದ್ದ ನನ್ನ ಹಳೇ ಚೀಲ ತರಿಸಿ, ಒಳಗಡೆ ಹೊರಗೆ ಮಾಡಿ ತೋರಿಸಿದರು.

“ಮಾಟ ಅಲ್ಲ, ಈ ಚೀಲ. ಊರಿನ ಎಲ್ಲ ಕಾಡಿಗೆ ಇದರಲ್ಲಿ ಬೆರೆತಿದೆ. ಎರಡು ಮನೆಯ ಕಾಡಿಗೆ ಒಂದೇ ಬೀಜದ ಮೇಲೆ ಕೂತರೆ, ಜೋಳದ ಗಿಡದೊಳಗೆ ಅವೆರಡೂ ಕೂಡಿಕೊಳ್ಳುತ್ವೆ. ಹುಟ್ಟೋ ಪುಡಿಗೆ ಬಣ್ಣ, ಜೋರು, ಎಲ್ಲ ಎರಡೂ ಕಡೆಯಿಂದ ಬರುತ್ತೆ. ಆದರೆ ಪ್ರತಿಯೊಂದು ಜೀವಕೋಶದೊಳಗೂ ಒಲೆಗಳ ಥರ ಇರ್ತವೆ, ಮೈಟೊಕಾಂಡ್ರಿಯಾ ಅಂತ. ಅವಕ್ಕೆ ತಮ್ಮದೇ ಡಿಎನ್‌ಎ ಇರುತ್ತೆ. ಆ ಒಲೆ ಮಾತ್ರ ಎರಡೂ ಕಡೆಯಿಂದ ಬರಲ್ಲ, ಒಂದೇ ಕಡೆಯದು ಉಳಿಯುತ್ತೆ. ನಿಮ್ಮ ಎಲ್ಲ ಕುಡಿಕೆ ನೋಡಿದೆ. ಮೇಲೆ ನೂರು ಥರ ವ್ಯತ್ಯಾಸ. ಒಳಗೆ ಒಲೆ ಎಲ್ಲ ಒಂದೇ ಮನೆಯದು. ಯಾರ ಜೊತೆ ಕೂಡಿದರೂ ಆ ಮನೆಯದೇ ಗೆದ್ದಿದೆ. ನಿಮ್ಮ ನಗುವೂ ಆ ಒಲೆಯ ಹಿಂದೆಯೇ ಹೋಗಿದೆ.”

“ಯಾರ ಮನೀದ್ರಿ?”

ಎಲ್ಲರೂ ಮಲಕಾಜಪ್ಪನ ಕಡೆ ನೋಡಿದರು. ಅವನ ಎದೆ ಉಬ್ಬಿತು. “ನಾ ಮೊದಲಿಂದ ಹೇಳಾಕತ್ತಿದ್ದಿಲ್ಲೇನು? ನಮ್ದ ಹಿರೇ ಕಾಡಿಗಿ! ಊರಿಗೆಲ್ಲಾ ನಮ್ದ…” ಅಲ್ಲಿಗೆ ಅವನಿಗೆ ತಾನು ಏನು ಹೇಳುತ್ತಿದ್ದೇನೆಂದು ಹೊಳೆದು, ಎದೆ ಮೆಲ್ಲಗೆ ಇಳಿಯಿತು.

“ಹಂಗಾದ್ರ ಆ ನಗು ಹೆಂಗ ಬರ್ತೈತ್ರಿ ಮೇಡಂ?” ಎಂದು ಯಾರೋ ಕೇಳಿದರು.

“ಅದು ನಂಗೊತ್ತಿಲ್ಲಪ್ಪ. ನಮ್ಮ ಕಾಲೇಜಲ್ಲಿ ಆ ಪಾಠ ಇರಲಿಲ್ಲ.”

ನಾನು ಬಲು ಮರ್ಯಾದೆಯಿಂದ ಕೇಳಿದೆ, “ಒಂದರಾಗ ಎಲ್ಲಾ ಆಕ್ಕೈತಿ ಅಂದಾಂವ ಯಾರ್ರೀ?”

ಊರು ಕೆಮ್ಮಿತು.

ಆ ವರ್ಷ ನಮ್ಮಲ್ಲಿ ಲಗ್ನಗಳ ಸುಗ್ಗಿ. ಯಾರಿಗೂ ಯಾರ ಕಾಡಿಗೆಗೂ ನಗು ಬಾರದಾದ ಮೇಲೆ ತಡೆಯುವವರು ಯಾರು? ಹಿಂದೆ ಬೇಡವೆನಿಸಿಕೊಂಡ ಜೋಡಿಗಳೆಲ್ಲ ಎದೆಯುಬ್ಬಿಸಿ ಕಲ್ಲು ದಾಟಿದವು. ಅಜ್ಜಿಯಂದಿರು ಮಾತ್ರ ಬೆರಳು ಮಡಚಿ ಮಡಚಿ, ‘ಇಕಿ ಅವ್ವ ಅವರ ದೊಡ್ಡವ್ವನ ಮಗಳು, ಬ್ಯಾಡ’ ಎಂದು ನೆನಪಿನಿಂದಲೇ ಬಳ್ಳಿ ಬಿಡಿಸುತ್ತಿದ್ದರು. ತಲೆಯ ಮೇಲೆ ಕೈಹೊತ್ತು ಕೂತದ್ದು ಮಲಕಾಜಪ್ಪನ ಮನೆ ಒಂದೇ. ನಿಂಬೆವ್ವನ ಮೇಲೆ ಯಾವ ಗಂಡಿನ ಕುಡಿಕೆ ಊದಿದರೂ ಅವಳು ನಕ್ಕು ನಕ್ಕು ನೆಲ ಹಿಡಿಯುತ್ತಿದ್ದಳು. ಒಬ್ಬ ಗಂಡಿನ ತಾಯಿ, “ಎಷ್ಟು ನಗ್ತೀ ಸಾಕು ಬಿಡು, ನನ್ನ ಮಗ ಅಷ್ಟೇನ ಖರಾಬ ಇಲ್ಲ,” ಎಂದು ಮುನಿದು ಹೋದಳು. ಹೊರ ಊರಿನವರಂತೂ ನಗು ಅಂಟುತ್ತದೆಂದು ನಮ್ಮ ಸೀಮೆಗೇ ಕಾಲಿಡುತ್ತಿರಲಿಲ್ಲ.

ಗಿರಣಿಗೆ ಜೋಳ ತಂದ ನೆವದಲ್ಲಿ ನಿಂಬೆವ್ವ ಬಂದಳು. “ಪಕ್ಕೆಲಬು ನೋಯಾಕತ್ತಾವ ಅಡಿವ್ಯಾ. ಯಾರ ಮುಂದ ನಿಂತ್ರೂ ನಗು ಅಟ್ಟಿಸ್ಕೊಂಡು ಬರ್ತೈತಿ. ನಿನ್ನ ಮುಂದ ನಿಂತ್ರ ಅಷ್ಟ ಉಸುರಾಡಾಕ ಬರ್ತೈತಿ.”

ಊರಲ್ಲಿ ಕುಡಿಕೆಯೇ ಇಲ್ಲದ ಗಂಡು ನಾನೊಬ್ಬನೇ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಮಲಕಾಜಪ್ಪನಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು. “ನಿಮ್ಮ ಮಾಮಾ ಕೇಳ್ಲಿ,” ಎಂದೆ. “ಅದ ಕಣದಾಗ. ಊರ ಮುಂದ. ನಾನೂ ಅವಗ ಒಂದು ಮಾತು ಹೇಳೂದೈತಿ.”

“ಹೇಳಿದ್ರ ಲಗ್ನ ಮುರೀತೈತಿ, ನೆಪ್ಪೈತಿಲ್ಲೋ?” ಎಂದಳು. “ಊದಿದ ಮ್ಯಾಲೆ ಬಾಯಿ ತೆಗಿಯಂಗಿಲ್ಲ.”

“ಊದೂಕಿಂತ ಮೊದಲ ಹೇಳ್ತೀನಿ.” ಅದು ನನ್ನ ಲೆಕ್ಕ. ಗಂಡನ್ನು ಕಣಕ್ಕೆ ಕರೆದ ಮೇಲೆ, ಅವನ ಮೇಲೆ ಊದುವ ಮೊದಲು, ಹೆಣ್ಣಿನ ಸೋದರಮಾವ ‘ಯಾರ ಮಗ’ ಎಂದು ಕೇಳಿ, ಉತ್ತರವನ್ನು ಊರಿಗೆಲ್ಲ ಕೇಳುವಂತೆ ಕೂಗಬೇಕು. ಅದೇ ಬಾಗಿಲಿಂದ ನನ್ನ ಖಾರವನ್ನೆಲ್ಲ ಒಳಗೆ ಬಿಡುವುದೆಂದು ಕಾದಿದ್ದೆ.

ಬೇರೆ ದಾರಿಯಿಲ್ಲದೆ ಕೊನೆಗೆ ಮಲಕಾಜಪ್ಪನೇ ನನ್ನನ್ನು ಕಣಕ್ಕೆ ಕರೆಸಿದ. ಆ ಬೆಳಗ್ಗೆ ಕಣಕ್ಕೆ ನೀರು ಚಿಮುಕಿಸಿ ಹಳೆಯ ಪುಡಿಯನ್ನೆಲ್ಲ ಕೂರಿಸಿದ್ದರು. ಜನ ಸುತ್ತ ಕಟ್ಟಿದ್ದರು. ನಿಂಬೆವ್ವ ಗಾಳಿ ಬರುವ ಕಡೆ, ಹಸಿರು ಇಳಕಲ್ ಸೀರೆಯಲ್ಲಿ. ಹುಚ್ಚೀರವ್ವ ಖಾಲಿ ಕುಡಿಕೆಯಲ್ಲಿ ಕೈಯಾಡಿಸಿ ಬರಿಗೈ ತೆಗೆದು, ನಿಂಬೆವ್ವನ ಮುಖಕ್ಕೆ ಹಿಡಿದು ಉಫ್ ಎಂದು ಊದಿದಳು. ನಿಂಬೆವ್ವ ನಗಲಿಲ್ಲ. ಕಣ್ಣು ಮುಚ್ಚಿ, ಬಿಸಿಲಿಂದ ನೆರಳಿಗೆ ಬಂದವಳ ಹಾಗೆ ಒಂದು ಉಸಿರು ಬಿಟ್ಟಳು. ಹೆಂಗಸರು “ಅವ್ವ ಅವ್ವಾ” ಎಂದರು.

ಇನ್ನು ಮಲಕಾಜಪ್ಪನ ಸರದಿ. ತನ್ನದೇ ಕುಡಿಕೆ ಹೊತ್ತು ತರಬೇಕಲ್ಲ, ಮೂಗು ಬಾಯಿಗೆ ಒದ್ದೆ ರುಮಾಲು ಬಿಗಿದು, ಬರೀ ಕಣ್ಣು ಬಿಟ್ಟುಕೊಂಡು ಬಂದಿದ್ದ. ನಾನು ಕಾಯುತ್ತಿದ್ದೆ, ಕೇಳು, ಕೇಳು ಎಂದು. ಆದರೆ ಅವನಿಗೆ ಗಡಿಬಿಡಿ; ಬೇಗ ಊದಿ ಮುಗಿಸಿ ಓಡಬೇಕು. ಕೇಳುವುದನ್ನು ಮರೆತೇ ಬಿಟ್ಟ. ಅಂಗೈಗೆ ಪುಡಿ ಸುರಿದುಕೊಂಡು, ಊದಲು ರುಮಾಲು ಕೆಳಗೆಳೆದ.

ಮೀಸೆ ಹೊರಗೆ ಬಂತು. ಬಲಗಡೆ ಇರಲೇ ಇಲ್ಲ. ಇಲಿ ತಿಂದು ಮುಗಿಸಿತ್ತು. ಎಡಗಡೆಯ ಕೂದಲನ್ನು ಮೂಗಿನ ಕೆಳಗಿಂದ ಎಳೆದು ಎಣ್ಣೆಯಲ್ಲಿ ಅಂಟಿಸಿದ್ದ, ಒದ್ದೆ ರುಮಾಲಿಗೆ ಅದು ಕಿತ್ತು, ಬಾಗಿಲ ಚಿಲಕದ ಹಾಗೆ ಒಂದೇ ಕಡೆ ಜೋತಾಡುತ್ತಿತ್ತು. ಅವನು ಊದಿದ. ಕರಿ ಪುಡಿ ನನ್ನ ಕಣ್ಣು, ಕೆನ್ನೆ, ತುಟಿಯ ಮೇಲೆ ಬಂದು ಕೂತಿತು. ಏನೂ ಆಗಲಿಲ್ಲ. ಉಳಿದ ಪುಡಿ ತಿರುಗಿ ಅವನ ಮೂಗಿಗೇ ಹೋಯಿತು.

“ಅಳಿಯಂದ್ರ…” ಎಂದ, ಆಗ ನೆನಪಾಗಿ. ಸ್ವರದಲ್ಲಿ ನಗು ಏರುತ್ತಿತ್ತು, ಕಣ್ಣಲ್ಲಿ ಖರೇ ನೀರು. “ತಪ್ಪಾಗೇತ್ರಿ… ಅಹ್ಹಹ್ಹಾ… ಊರ ಮುಂದ ಅಂದಿದ್ದೆ, ಊರ ಮುಂದ ಕೇಳ್ತೀನಿ… ಯಾರ ಮಗ ಅಂತ ಕೂಗ್ಲಿರೀ?”

ಅದೇ ಕಣ, ಅದೇ ಜನ, ಅದೇ ಪ್ರಶ್ನೆ. ಒಂದು ಬಿತ್ತನೆ ಒಂದು ಬೆಳೆ ಪೂರ್ತಿ ಗಿರಣಿಯಲ್ಲಿ ಮಸೆದ ಉತ್ತರಗಳು ನಾಲಿಗೆಯ ತುದಿಗೆ ಬಂದು ನೂಕಾಡಿದವು. ಅವುಗಳ ಹಿಂದಿನಿಂದ ಹೊಟ್ಟೆಯಲ್ಲಿ ಇನ್ನೊಂದು ಎದ್ದಿತು. ಮೊದಲು ನನಗದು ಏನೆಂದೇ ತಿಳಿಯಲಿಲ್ಲ, ಹಸಿವೆಯೋ ವಾಂತಿಯೋ ಅಂದುಕೊಂಡೆ. ಪಕ್ಕೆಲುಬಿನ ಒಳಗೆ ಕೈಯಿಟ್ಟು ಯಾರೋ ಕಚಗುಳಿ ಇಡುತ್ತಿದ್ದ ಹಾಗೆ. ಇದು ಕಾಡಿಗೆಯದೋ? ಹಾಗಾದರೆ ಇವಳು ನನಗೆ ತಂಗಿಯಾಗಬೇಕು, ಈ ಮಲಕಾಜಪ್ಪ ನನಗೂ ಮಾಮಾ ಆಗಬೇಕು! ಅಥವಾ ಆ ಮೀಸೆಯದೋ? ನಿಂಬೆವ್ವನ ಕಡೆ ನೋಡಿದೆ. ನೋಡಬಾರದಿತ್ತು. ಅವಳು ಮೂಗಿನ ಕೆಳಗೆ ಬಲಗಡೆಗೆ ಒಂದು ಬೆರಳಿಟ್ಟು, ಇಲಿಯ ಹಾಗೆ ಮೂತಿ ಆಡಿಸಿದಳು.

ನನ್ನ ಜೀವಮಾನದ ಹುಬ್ಬಿನ ಗಂಟು ಬಿಚ್ಚಿತು. ತುಟಿ ಕಚ್ಚಿದೆ, ಹಲ್ಲು ಬಿಗಿದೆ. ಬಾಯಿ ತೆರೆದರೆ ಉತ್ತರವೂ ಬರುತ್ತದೆ, ಅದರ ಬೆನ್ನಿಗೆ ಇದೂ ಬರುತ್ತದೆ. ಕಾಡಿಗೆಯ ನಗು, ಮೀಸೆಯ ನಗು ಎಂದು ಬೇರೆ ಮಾಡಿ ನೋಡುವವರು ಆ ಕಣದಲ್ಲಿ ನಿಂಬೆವ್ವನನ್ನು ಬಿಟ್ಟು ಯಾರೂ ಇರಲಿಲ್ಲ. ಅಂಚಿನ ಕಲ್ಲ ಕಡೆಗೆ ತಿರುಗಿದೆ.

“ಒಂದು ಮಾತರೆ ಆಡ್ರೀ ಅಳಿಯಂದ್ರ! ಯಾರ ಮಗ ಅಂತ ಕೂಗ್ಲಿ?” ಹಿಂದಿನಿಂದ ಮಲಕಾಜಪ್ಪ ನಗುತ್ತ, ಅಳುತ್ತ ಕರೆಯುತ್ತಿದ್ದ. ಜನ ದಾರಿ ಬಿಟ್ಟರು. “ನೋಡ್ರೀ, ಸಿಟ್ಟು ಇನ್ನೂ ಇಳಿದಿಲ್ಲ, ಹೆಗಲು ನಡಗಾಕತ್ತಾವ,” ಎಂದು ಯಾರೋ ಪಿಸುಗುಟ್ಟಿದರು. ನಾನು ಕರಿ ಮೆತ್ತಿದ ಕೆನ್ನೆಗಳನ್ನು ಉಬ್ಬಿಸಿಕೊಂಡು, ಉಸಿರು ಹಿಡಿದು, ಅವನ ಪ್ರಶ್ನೆಗೆ ಬೆನ್ನು ಹಾಕಿ ನಡೆದೆ.